ಹೂವಜ್ಜಿಯ ಎಲೆಡಬ್ಬಿ

ಹೊಟ್ಟೆಕಿಚ್ಚು ಹೂವಮ್ಮನಿಗೆ ಹೊಸದಲ್ಲ. ಓರಗಿತ್ತಿಯ ಮೂಗುತಿ ಕಂಡು ಪಟ್ಟಿದ್ದಳು, ಪಕ್ಕದ ಮನೆಯ ಎಮ್ಮೆಯ ಕೆಚ್ಚಲು ಕಂಡು ಪಟ್ಟಿದ್ದಳು, ಮದುವೆ ಮನೆಗಳಲ್ಲಿ ತನಗಿಂತ ಚೆನ್ನಾಗಿ ಸೋಬಾನೆ ಹೇಳುವ ಕನ್ನಪ್ಪನ ಹೆಂಡತಿಯ ಗಂಟಲಿನ ಮೇಲೂ ಪಟ್ಟಿದ್ದಳು. ಅವೆಲ್ಲ ನೆಗಡಿಯ ಹಾಗೆ ಬಂದು ಹೋಗಿದ್ದವು. ಆದರೆ ಅರವತ್ತು ದಾಟಿ, ಮೊಮ್ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವ ವಯಸ್ಸಿನಲ್ಲಿ, ಕಿರುಬೆರಳಿನಷ್ಟಿರುವ ಒಂದು ಹಸಿರು ಹುಳದ ಮೇಲೆ ನೀನು ಹೊಟ್ಟೆ ಉರಿದುಕೊಳ್ಳುತ್ತೀಯ ಎಂದು ಯಾರಾದರೂ ಹೇಳಿದ್ದರೆ, ಅವಳು ಅವರ ಬಾಯಿಗೆ ಎಲೆಅಡಿಕೆ ತುರುಕಿ ಮನೆಗೆ ಕಳಿಸುತ್ತಿದ್ದಳು.

ಮಗ ಉಮೇಶ ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿ ಶಿಫ್ಟ್ ಕೆಲಸದವನು. ಸೊಸೆ ತನುಜಾ ಸಾಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಅವನು ಬೈಕು, ಇವಳು ಸ್ಕೂಟಿ ಹತ್ತಿ ಹೊರಟರೆಂದರೆ ಇಕ್ಕೇರಿ ರಸ್ತೆ ಬದಿಯ ಆ ತಾರಸಿ ಮನೆ ಹೂವಮ್ಮನ ಕೈಗೆ ಬರುತ್ತಿತ್ತು. ಗಂಡ ಭೂತಪ್ಪ ಮಾತಿಗೆ ಬಹಳ ಕಂಜೂಸು ಮನುಷ್ಯ. ಅವನನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಡೆಯುತ್ತದೆ. ಲೆಕ್ಕಕ್ಕೆ ಇದ್ದವಳು ಮೊಮ್ಮಗಳು ಯಶಸ್ವಿನಿ, ನಾಲ್ಕನೇ ಕ್ಲಾಸಿನ ಯಶು. ಹುಟ್ಟಿದಾಗಿನಿಂದ ಅವಳಿಗೆ ಎಣ್ಣೆ ನೀರು ಹಾಕಿದ್ದು ಹೂವಮ್ಮ, ತುತ್ತು ತಿನ್ನಿಸಿದ್ದು ಹೂವಮ್ಮ. ರಾತ್ರಿ ಕಾಲು ಮೇಲೆ ಹಾಕಿಕೊಂಡು ಮಲಗಲು ಮಗುವಿಗೆ ಹೂವಜ್ಜಿಯೇ ಬೇಕಿತ್ತು.

ವರ್ಷದಲ್ಲಿ ಒಂದು ದಿನವಂತೂ ಆ ಇಬ್ಬರದ್ದೇ ರಾಜ್ಯ. ಭೂಮಿ ಹುಣ್ಣಿಮೆಗೆ ಗದ್ದೆ ಬಸುರಿ ಎಂದು ಅವರ ಕಡೆಯ ನಂಬಿಕೆ. ತೆನೆ ತುಂಬುವ ಭೂಮಿಗೆ ಬಯಕೆಯ ಊಟ ಒಯ್ಯಬೇಕು. ಆ ಊಟದ ಬುಟ್ಟಿಗಳಿಗೆ ಹೂವಮ್ಮ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆದು ಚಿತ್ತಾರ ಬರೆದರೆ, ಗೆರೆಗಳ ನಡುವೆ ಚುಕ್ಕಿ ಇಡುವವಳು ಯಶು. ದೊಡ್ಡ ಬುಟ್ಟಿ ಭೂತಪ್ಪನ ತಲೆಗೆ. ನೂರೊಂದು ಸೊಪ್ಪು ಬೆರೆಸಿ ಬೇಯಿಸಿದ್ದನ್ನು ತುಂಬಿದ ಸಣ್ಣ ಬುಟ್ಟಿ ಯಶುವಿನ ತಲೆಗೆ, ಅದು ಜಾರದ ಹಾಗೆ ಹಿಂದಿನಿಂದ ಆಸರೆಗೆ ಅಜ್ಜಿಯ ಕೈ. ಹೀಗೆ ಬೆಳಗಿನ ಮಬ್ಬಿನಲ್ಲಿ ಗದ್ದೆಯ ಬದುವಿನ ಮೇಲೆ ಹೋಗುವಾಗ ಹೂವಮ್ಮನಿಗೆ ಇಡೀ ಸಾಗರ ತಾಲ್ಲೂಕಿನಲ್ಲಿ ತನ್ನಂಥ ಅಜ್ಜಿ ಇನ್ನೊಬ್ಬಳಿಲ್ಲ ಅನ್ನಿಸುತ್ತಿತ್ತು.

ಅಂಥ ರಾಜ್ಯಕ್ಕೆ ದುಗ್ಗಮ್ಮ ಬಂದಳು. ದುಗ್ಗಮ್ಮ ಅಂದರೆ ತನುಜಾಳ ತಾಯಿ, ಹೂವಮ್ಮನಿಗೆ ಬೀಗಿತ್ತಿ, ಹೊಸನಗರದ ಕಡೆಯವಳು. ಸಾಗರದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ಮನೆಯಲ್ಲಿ ನಾಲ್ಕು ವಾರ ಇರಲೆಂದು ಬಂದಿಳಿದಳು. ಹೂವಮ್ಮ ಬೀಗಿತ್ತಿಗೆ ಏನೂ ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಕಣ್ಣಿಗೆ ಹನಿ ಬಿಟ್ಟಳು, ಮೀನು ತಿನ್ನಬಾರದೆಂದು ಡಾಕ್ಟರು ಹೇಳದಿದ್ದರೂ ತಾನೇ ನಿಲ್ಲಿಸಿದಳು, ಉಳಿದ ಮೀನನ್ನು ತಾನೇ ತಿಂದಳು. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಹೊಸ ಕಣ್ಣು ಬಂದವರಿಗೆ ಕಂಡದ್ದೆಲ್ಲ ಚೆಂದ ನೋಡಿ. ಜಗಲಿಯಲ್ಲಿ ಕೂತ ದುಗ್ಗಮ್ಮನಿಗೆ ಕುಂಡದ ನಿಂಬೆಗಿಡದ ಎಲೆಯ ಮೇಲೆ ಯಾರಿಗೂ ಕಾಣದ್ದು ಕಂಡಿತು.

ಅದು ಹಕ್ಕಿಯ ಹಿಕ್ಕೆಯಂತಿತ್ತು, ಆದರೆ ನಡೆಯುತ್ತಿತ್ತು. ದುಗ್ಗಮ್ಮ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಅಲ್ಲಿಯ ಟೀಚರು ವರ್ಷವರ್ಷವೂ ಮಕ್ಕಳಿಗಾಗಿ ಗಾಜಿನ ಭರಣಿಯಲ್ಲಿ ಇಂಥವನ್ನು ಸಾಕಿ ಚಿಟ್ಟೆ ಮಾಡಿ ಬಿಡುತ್ತಿದ್ದರಂತೆ. ಅವಳು ಯಶುವನ್ನು ಕರೆದು ತೋರಿಸಿದಳು. ಇದು ಇನ್ನೂ ಮರಿ, ದೊಡ್ಡದಾದರೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯಿಂದ ಕೆಂಪು ಕೋಡು ತೆಗೆದು ಹೆದರಿಸುತ್ತದೆ, ಆಮೇಲೆ ಗೂಡಾಗಿ ಕೊನೆಗೆ ಚಿಟ್ಟೆಯಾಗುತ್ತದೆ ಎಂದಳು. ಮಗು ಆ ಸಂಜೆ ಊಟ ಮಾಡಿದ್ದು ಕುಂಡದ ಪಕ್ಕದಲ್ಲಿ ಕೂತು, ತಿನ್ನಿಸಿದ್ದು ದುಗ್ಗಜ್ಜಿ.

ಮಾರನೆಯ ಬೆಳಿಗ್ಗೆ ಹೂವಮ್ಮ ಜಗಲಿ ಗುಡಿಸುತ್ತ, ಎಲೆ ತಿಂದು ಹಾಳುಮಾಡುವ ಹುಳವೆಂದು ಆ ಕೊಂಬೆಯನ್ನೇ ಚಿವುಟಿ ಕೋಳಿಗೆ ಹಾಕಿದಳು. ಬೇಕೆಂದೇ ಹಾಕಿದಳೋ, ತಿಳಿಯದೆಯೋ? ಕೇಳಿದರೆ ಅವಳೂ ಸರಿಯಾಗಿ ಹೇಳುತ್ತಿರಲಿಲ್ಲ. ಕೋಳಿಗೆ ರುಚಿಯಾಯಿತು. ಯಶು ಶಾಲೆಗೆ ಹೋಗುವುದಿಲ್ಲವೆಂದು ನೆಲದ ಮೇಲೆ ಬಿದ್ದು ಅತ್ತಳು, ಆಮೇಲೆ ಇಡೀ ದಿನ ಹೂವಜ್ಜಿಯ ಜೊತೆ ಮಾತು ಬಿಟ್ಟಳು. ಗಿಡದಲ್ಲಿ ಇನ್ನೂ ಒಂದಷ್ಟು ಮರಿಗಳಿದ್ದವು. ಅವನ್ನು ಉಳಿಸಿಕೊಳ್ಳುವುದೆಂದರೆ ಹೂವಜ್ಜಿಯಿಂದ ಉಳಿಸಿಕೊಳ್ಳುವುದು ಎಂದು ಅಂದೇ ಮನೆಯಲ್ಲಿ ತೀರ್ಮಾನವಾಗಿಹೋಯಿತು.

ಅಲ್ಲಿಂದ ಮನೆಗೆ ಮನೆಯೇ ಹುಳದ ಸೇವೆಗೆ ನಿಂತಿತು. ಉಮೇಶ ಹಳೆಯ ಸೊಳ್ಳೆಪರದೆ ಕತ್ತರಿಸಿ, ತಂತಿ ಬಗ್ಗಿಸಿ, ಕುಂಡದ ಸುತ್ತ ಗುಡಾರ ಕಟ್ಟಿದ. ಶಿಫ್ಟ್ ಮುಗಿಸಿ ಬಂದವನು ಮೊದಲು ಅಮ್ಮಾ, ಚಾ ಅನ್ನುತ್ತಿದ್ದ; ಈಗ ಹೆಲ್ಮೆಟ್ಟನ್ನೂ ತೆಗೆಯದೆ ಪರದೆಯೊಳಗೆ ತಲೆ ಹಾಕಿ, ಯಾವುದು ಎಷ್ಟು ದಪ್ಪವಾಗಿದೆ ನೋಡುತ್ತಿದ್ದ. ತನುಜಾ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದಳು. ಯಶು ಹುಳಗಳಿಗೆ ಒಂದೊಂದು ಹೆಸರಿಟ್ಟು, ಅವುಗಳ ಹಿಕ್ಕೆಯನ್ನು ಹಳೇ ಬ್ರಷ್ಷಿನಿಂದ ಗುಡಿಸುತ್ತಿದ್ದಳು. ತನ್ನ ತಟ್ಟೆ ತೊಳೆಯದ ಹುಡುಗಿ ಹುಳದ ಹಿಕ್ಕೆ ಗುಡಿಸುತ್ತಾಳೆ ಎಂದು ಹೂವಮ್ಮ ಮೂಗು ಮುರಿದಳು. ಯಾರೂ ಅವಳ ಮೂಗನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ.

ರಾತ್ರಿ ಮಗು ಮಲಗಲು ದುಗ್ಗಜ್ಜಿಯ ಹಾಸಿಗೆಗೆ ಹೋಯಿತು. ಮೊದಲ ದಿನ ಕಥೆ ಕೇಳಲಿಕ್ಕೆ ಹೋಗಿದೆ, ಬರುತ್ತದೆ ಎಂದು ಹೂವಮ್ಮ ಗೋಡೆ ಕಡೆ ಜಾಗ ಬಿಟ್ಟುಕೊಂಡು ಕಾದಳು. ಆಮೇಲೆ ಕಾಯುವುದನ್ನು ಬಿಟ್ಟಳು, ಜಾಗ ಬಿಡುವುದನ್ನು ಮಾತ್ರ ಬಿಡಲಿಲ್ಲ.

ಗೂಡುಗಳು ಒಡೆಯುವ ದಿನ ಬಂತು. ಹೂವಮ್ಮ ಬೇಕೆಂದೇ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು, ಆದರೂ ಜಗಲಿಯ ಮಾತು ಕಿವಿಗೆ ಬೀಳುತ್ತಲೇ ಇತ್ತು. ಗೂಡಿನಿಂದ ಬಂದ ಚಿಟ್ಟೆಯ ರೆಕ್ಕೆ ಮೊದಲು ಒದ್ದೆ ಬಟ್ಟೆಯ ಹಾಗೆ ಮುದುಡಿಕೊಂಡಿರುತ್ತದೆ, ಅದು ಎಲ್ಲಾದರೂ ಹಿಡಿದುಕೊಂಡು ತೂಗಿ ನಿಂತರೆ ಮಾತ್ರ ರೆಕ್ಕೆ ಇಳಿದು ಬಿಚ್ಚಿಕೊಳ್ಳುತ್ತದೆ, ತೂಗಲು ಜಾಗವಿಲ್ಲದಿದ್ದರೆ ಹಾಗೇ ಗಟ್ಟಿಯಾಗಿಬಿಡುತ್ತದೆ ಎಂದು ದುಗ್ಗಮ್ಮ ಹೇಳುತ್ತಿದ್ದಳು. ದೊಡ್ಡ ಪಂಡಿತೆ, ಎಂದುಕೊಂಡು ಹೂವಮ್ಮ ಇನ್ನೊಂದು ಪಾತ್ರೆ ಎತ್ತಿ ಕುಕ್ಕಿದಳು. ಚಿಟ್ಟೆಗಳು ಒಂದೊಂದಾಗಿ ಹಾರಿಹೋದವು. ಪ್ರತಿ ಸಲವೂ ಮಗು ಕೂಗುತ್ತ ಓಡಿದ್ದು ದುಗ್ಗಜ್ಜಿಯ ಸೊಂಟ ತಬ್ಬಿಕೊಳ್ಳಲಿಕ್ಕೆ. ಕಿಟಕಿಯಿಂದ ನೋಡಿದ ಹೂವಮ್ಮನಿಗೆ ಎದೆಯಲ್ಲಿ ಒಲೆ ಹೊತ್ತಿದ ಹಾಗಾಯಿತು. ಬೀಗಿತ್ತಿಯ ಇನ್ನೊಂದು ಕಣ್ಣಿಗೂ ಬೇಗ ಪೊರೆ ಬರಲಿ ಎಂದೂ ಅಂದುಕೊಂಡಳು. ಆದರೆ ಆಪರೇಷನ್ನಿಗೆ ಮತ್ತೆ ಇಲ್ಲಿಗೇ ಬರುತ್ತಾಳಲ್ಲ ಎಂದು ನೆನಪಾಗಿ ಆ ಶಾಪವನ್ನು ಹಿಂದಕ್ಕೆ ತೆಗೆದುಕೊಂಡಳು.

ದುಗ್ಗಮ್ಮ ತನ್ನ ಊರಿಗೆ ಹೋದ ಮೇಲೂ ಹೋದ ಹಾಗಾಗಲಿಲ್ಲ. ಸಂಜೆಯಾದರೆ ವಿಡಿಯೋ ಕಾಲ್, ಅದು ಮುಗಿದರೆ ಮಗು ಮಲಗುತ್ತಿದ್ದದ್ದು ಅಪ್ಪ ಅಮ್ಮನ ಕೋಣೆಯಲ್ಲಿ. ಕೊನೆಯ ಹುಳವೊಂದು ಉಳಿದಿತ್ತು, ಎಲ್ಲಕ್ಕಿಂತ ದಪ್ಪದ್ದು. ಅದು ಪರದೆಯ ಸಂದಿಯಿಂದ ತಪ್ಪಿಸಿಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕರಿಬೇವಿನ ಗಿಡದಲ್ಲಿ ಗೂಡು ಕಟ್ಟಿತ್ತು. ಅದನ್ನು ಕಿತ್ತು ಒಳಗೆ ತರುವುದು ಬೇಡ, ಅಲ್ಲೇ ಇರಲಿ, ಹುಣ್ಣಿಮೆಯ ಬೆಳಿಗ್ಗೆ ಹೊತ್ತಿಗೆ ಒಡೆಯಬಹುದು ಎಂದು ದುಗ್ಗಜ್ಜಿ ಫೋನಿನಲ್ಲಿ ಹೇಳಿದ್ದಳು. ಇದು ಯಶುವಿಗೆ ಗೊತ್ತು, ಅಪ್ಪ ಅಮ್ಮನಿಗೆ ಗೊತ್ತು, ಮಾತಾಡದ ಭೂತಪ್ಪನಿಗೂ ಗೊತ್ತು. ಕೋಳಿಯ ಪ್ರಕರಣ ಆದ ಮೇಲೆ ಹೂವಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ. ಏನೋ ಗುಟ್ಟಿದೆ ಎಂದಷ್ಟೇ ಅವಳಿಗೆ ತಿಳಿದಿತ್ತು. ತಾನು ಹೋದ ಕೂಡಲೇ ಮಾತು ನಿಲ್ಲುವ ಮನೆಯಲ್ಲಿ ಅಷ್ಟು ತಿಳಿಯಲು ಬುದ್ಧಿ ಬೇಕಿಲ್ಲ.

ಹುಣ್ಣಿಮೆ ಹತ್ತಿರವಾಯಿತು. ದಸರಾ ರಜೆ ಇತ್ತು. ಹೂವಮ್ಮ ಬುಟ್ಟಿಗೆ ಕೆಮ್ಮಣ್ಣು ಬಳಿದು, ಗೆರೆ ಎಳೆದು, ಚುಕ್ಕಿ ಇಡಲು ಮೊಮ್ಮಗಳನ್ನು ಕೂಗಿದಳು. ಯಶು ಬಂದಳು, ನಾಲ್ಕು ಚುಕ್ಕಿ ಇಟ್ಟಳು, ಎದ್ದು ನಿಂತಳು.

"ಅಜ್ಜಿ, ಈ ಸಲ ಸಣ್ಣ ಬುಟ್ಟಿ ನಾನು ಹೊರಲ್ಲ. ಬೆಳಿಗ್ಗೆ ನಂಗೆ ಕೆಲಸ ಇದೆ."

"ಹಬ್ಬದ ದಿನ ನಿಂಗೆ ಎಂತ ಕೆಲಸನೇ?"

"ಅದು ಗುಟ್ಟು. ದುಗ್ಗಜ್ಜಿಗೆ ಮಾತ್ರ ಗೊತ್ತು."

ಹೂವಮ್ಮ ಕುಂಚವನ್ನು ಬಟ್ಟಲಲ್ಲಿ ಅದ್ದಿದಳು, ಅದ್ದಿಯೇ ಇದ್ದಳು. ಎಲ್ಲದಕ್ಕೂ ಒಂದು ಮಿತಿ ಇರುತ್ತದೆ. ಹಾಸಿಗೆ ಹೋಯಿತು, ತುತ್ತು ಹೋಯಿತು, ಸಂಜೆಯ ಹೊತ್ತು ಹೋಯಿತು. ಬುಟ್ಟಿಯನ್ನೂ ಹೊಸನಗರಕ್ಕೆ ಬಿಟ್ಟುಕೊಡಬೇಕೇ? ಉಳಿದ ಚುಕ್ಕಿಗಳನ್ನು ಅವಳೇ ಇಟ್ಟಳು. ಸಿಟ್ಟಿನಲ್ಲಿ ಇಟ್ಟ ಚುಕ್ಕಿಗಳು ಒಂದು ಸಣ್ಣ ಒಂದು ದೊಡ್ಡ ಆದವು.

ಹುಣ್ಣಿಮೆಯ ಹಿಂದಿನ ಸಂಜೆ ಯಶು ತಾಯಿಯ ಜೊತೆ ಬಳೆ ಕೊಳ್ಳಲು ಸಾಗರಕ್ಕೆ ಹೋಗಿದ್ದಳು. ಹೂವಮ್ಮ ಸೊಪ್ಪಿಗೆ ಹೊರಟಳು. ಇದರಲ್ಲಿ ಅವಳನ್ನು ಮೀರಿಸುವವರು ಆ ಕೇರಿಯಲ್ಲಿ ಇರಲಿಲ್ಲ. ಎಳೆಯ ಸೊಸೆಯಂದಿರು ಪಟ್ಟಿ ಮಾಡಿಕೊಂಡು, ಫೋನಿನಲ್ಲಿ ಚಿತ್ರ ನೋಡಿಕೊಂಡು ಕೊಯ್ಯುತ್ತಿದ್ದರೆ, ಹೂವಮ್ಮ ಎದುರು ಮನೆಯವರ ಜೊತೆ ಹರಟೆ ಹೊಡೆಯುತ್ತಲೇ ಕೊಯ್ಯುತ್ತಿದ್ದಳು. ನನ್ನ ಬೆರಳಿಗೇ ಎಲೆ ಗೊತ್ತು, ಕಣ್ಣು ಎಂತಕ್ಕೆ ಬೇಕು ಅನ್ನುವುದು ಅವಳ ಜಂಬ. ಗದ್ದೆ ಬದಿಯ ಒಂದೆಲಗ, ಹೊನಗೊನೆ, ಕನ್ನೆಕುಡಿ, ಹಿತ್ತಿಲ ಕೆಸ, ಬೇಲಿಯ ಬಸಳೆ, ನುಗ್ಗೆ, ಕೇಪಳದ ಚಿಗುರು ಎಲ್ಲ ಮಡಿಲಿಗೆ ಬಿತ್ತು. ಮಬ್ಬು ಕವಿಯುವಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು ಕರಿಬೇವಿನ ಕುಡಿಯನ್ನೂ ಒಂದು ಹಿಡಿ ಮುರಿದುಕೊಂಡಳು.

ದೀಪ ಹಚ್ಚಿ, ಅಡುಗೆಮನೆಯಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು, ಹಿಡಿಹಿಡಿಯಾಗಿ ಹೆಚ್ಚತೊಡಗಿದಳು. ಕರಿಬೇವಿನ ಹಿಡಿ ಅರ್ಧ ಮುಗಿದಿತ್ತು. ಆಗ ಒಂದು ಎಲೆ ಅವಳ ಬೆರಳ ನಡುವೆ ಮಿಸುಕಿತು.

ಹೂವಮ್ಮ ಕೈ ಕೊಡವಿದಳು. ಕನ್ನಡಕ ಹಾಕಿಕೊಂಡು ಬಲ್ಬಿನ ಕೆಳಗೆ ಹಿಡಿದು ನೋಡಿದಳು. ಎಲೆಯ ಬಣ್ಣ, ಎಲೆಯ ಡೊಂಕು, ಎಲ್ಲ ಸರಿ; ಆದರೆ ಅದು ಎಲೆಯಲ್ಲ. ಸೊಂಟಕ್ಕೊಂದು ನೂಲು ಕಟ್ಟಿಕೊಂಡು ಕಡ್ಡಿಗೆ ಒರಗಿ ಮಲಗಿರುವ ಗೂಡು. ಕತ್ತಿಯ ಅಲಗು ಅದಕ್ಕೆ ಒಂದು ಬೆರಳು ದೂರದಲ್ಲಿತ್ತು. ಒಂದೇ ಕ್ಷಣದಲ್ಲಿ ಅವಳಿಗೆ ಎಲ್ಲ ಗುಟ್ಟೂ ತಿಳಿಯಿತು. ಮೊಮ್ಮಗಳ ಬೆಳಗಿನ ಕೆಲಸ ಇದೇ. ಬುಟ್ಟಿಗಿಂತ ದೊಡ್ಡದಾದದ್ದು ಇದೇ. ದಿನಾ ಬಟ್ಟೆ ಒಗೆಯುವಾಗ ತಲೆಯ ಮೇಲೇ ಇತ್ತು, ತನಗೊಬ್ಬಳಿಗೆ ಹೇಳಿರಲಿಲ್ಲ.

ಮೊದಲು ನಾಚಿಕೆಯಾಯಿತು. ಎಲೆಗೂ ಹುಳಕ್ಕೂ ವ್ಯತ್ಯಾಸ ತಿಳಿಯದ ಬೆರಳು ಎಂದು ಮಗ ಸೊಸೆ ನಗುತ್ತಾರೆ, ಫೋನಿನಲ್ಲಿ ಹೊಸನಗರವೂ ನಗುತ್ತದೆ. ಕೋಳಿಗೆ ಹಾಕಿದವಳು ಈಗ ಸಾರಿಗೆ ಹಾಕಲು ಹೊರಟಿದ್ದಳು ಅನ್ನುತ್ತಾರೆ. ನಾಚಿಕೆಯ ಬೆನ್ನಿಗೇ ಇನ್ನೊಂದು ಯೋಚನೆ ಬಂತು, ಅದು ನಾಚಿಕೆಗಿಂತ ಬೆಚ್ಚಗಿತ್ತು. ಇದು ಗಿಡದಲ್ಲಿ ಇಲ್ಲದೇ ಹೋದರೆ ನಾಳೆ ಬೆಳಿಗ್ಗೆ ಮಗುವಿಗೆ ಬೇರೆ ಕೆಲಸವೇ ಇರುವುದಿಲ್ಲ. ಹಬ್ಬ ಮುಗಿಯಲಿ, ಮತ್ತೆ ಗಿಡಕ್ಕೆ ಕಟ್ಟಿದರಾಯಿತು, ಯಾರಿಗೆ ಗೊತ್ತಾಗುತ್ತದೆ? ಹೊರಗೆ ಸ್ಕೂಟಿಯ ಸದ್ದು ಕೇಳಿತು. ಹೂವಮ್ಮ ಸೊಂಟದಿಂದ ಎಲೆಅಡಿಕೆಯ ಹಿತ್ತಾಳೆ ಡಬ್ಬಿ ತೆಗೆದು, ಒಳಗಿದ್ದದ್ದನ್ನೆಲ್ಲ ಮೂಲೆಗೆ ಸುರಿದು, ಒಂದು ಚಿಂದಿ ಹಾಸಿ, ಗೂಡನ್ನು ಕಡ್ಡಿ ಸಮೇತ ಅದರಲ್ಲಿ ಮಲಗಿಸಿ ಮುಚ್ಚಳ ಹಾಕಿದಳು. ಡಬ್ಬಿ ಉಪ್ಪಿನಕಾಯಿ ಭರಣಿಯ ಹಿಂದೆ ಹೋಯಿತು.

ಯಶು ಬಳೆ ತೋರಿಸಲೂ ನಿಲ್ಲದೆ ಟಾರ್ಚು ಹಿಡಿದು ಹಿತ್ತಿಲಿಗೆ ಓಡಿದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಳು. ಕೈಯ ಟಾರ್ಚು ಇನ್ನೂ ಉರಿಯುತ್ತಿತ್ತು.

"ಅಜ್ಜಿ, ಕರಿಬೇವು ಕೊಯ್ದ್ಯಾ?"

ಕರಿಬೇವು ಅವಳ ಎದುರಿನ ರಾಶಿಯಲ್ಲಿ ಸಣ್ಣಗೆ ಹೆಚ್ಚಿಕೊಂಡು ಬಿದ್ದಿತ್ತು. ಹೂವಮ್ಮ ಅದರ ಮೇಲೆ ಬಸಳೆ ಎಳೆದಳು.

"ಇಲ್ಲ ಪುಟ್ಟಿ. ಎಂತಕ್ಕೆ?"

ಆಗ ಮಗು ಎಲ್ಲವನ್ನೂ ಹೇಳಿಕೊಂಡು ಅತ್ತಿತು. ಓತಿಕ್ಯಾತ ತಿಂದಿರಬೇಕು ಎಂದಳು ಹೂವಮ್ಮ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಬರೀ ಸುಳ್ಳಾಗುತ್ತಿತ್ತು. ಆದರೆ ತಿಂಗಳಿಂದ ಎದೆಯಲ್ಲಿ ಹೊಗೆಯಾಡುತ್ತಿದ್ದದ್ದು ಬಾಯಿಗೆ ಬಂತು, ಸೆರಗಿನಿಂದ ಮಗುವಿನ ಮೂಗು ಒರೆಸುತ್ತ, ಬಹಳ ಮೆತ್ತಗೆ ಕೇಳಿದಳು, "ಅಲ್ಲ, ಅದನ್ನ ಹೊರಗೇ ಬಿಡು ಅಂದಿದ್ದು ಯಾರು?"

ಯಶು ಅಳು ನಿಲ್ಲಿಸಿ ಯೋಚಿಸಿದಳು. "ದುಗ್ಗಜ್ಜಿ," ಅಂದಳು. ಆಮೇಲೆ ಹೂವಮ್ಮನ ಮಡಿಲಲ್ಲಿ ಮುಖ ಇಟ್ಟು ಮತ್ತೆ ಅತ್ತಳು.

ಆ ರಾತ್ರಿ ಫೋನ್ ಬಂದಾಗ ಮಗು ಮಾತಾಡಲು ಒಪ್ಪಲಿಲ್ಲ. ನೀನು ಹೇಳಿದ್ದಕ್ಕೇ ಹೀಗಾಯಿತು ಅನ್ನು ಎಂದು ತಾಯಿಗೆ ಹೇಳಿ, ಬಂದು ಹೂವಜ್ಜಿಯ ಹಾಸಿಗೆಯಲ್ಲಿ ಗೋಡೆ ಕಡೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಮಲಗಿತು. ಕಾಲು ತಂದು ಅವಳ ಹೊಟ್ಟೆಯ ಮೇಲೆ ಹಾಕಿತು. ಹೂವಮ್ಮನಿಗೆ ಅಡುಗೆಗೆ ಏಳಬೇಕಿತ್ತು, ಕಡುಬಿನ ಹಿಟ್ಟು ಕಾಯುತ್ತಿತ್ತು. ಆದರೂ ಆ ಕಾಲನ್ನು ಸರಿಸಲು ಮನಸ್ಸು ಬರಲಿಲ್ಲ.

ಬೆಳಗಿನ ಮಬ್ಬಿನಲ್ಲಿ ಯಶು ಸಣ್ಣ ಬುಟ್ಟಿ ಹೊತ್ತಳು. ಹಿಂದಿನಿಂದ ಹೂವಮ್ಮನ ಕೈ ಆಸರೆಗಿತ್ತು. ಎಲ್ಲ ಅವಳು ಬಯಸಿದ ಹಾಗೆಯೇ ನಡೆಯಿತು, ಒಂದು ಕೂದಲೂ ಕೊಂಕಲಿಲ್ಲ. ಭೂತಪ್ಪ ಸೊಪ್ಪಿನ ಅಡುಗೆಯನ್ನು ಗದ್ದೆಯ ನಾಲ್ಕೂ ಮೂಲೆಗೆ ಬೀರಿದ. ಹೊಡೆ ತುಂಬಿದ ಭತ್ತಕ್ಕೆ ಪೂಜೆ ಮಾಡಿ, ಒಂದು ಕಡುಬನ್ನು ಮಣ್ಣಿನಲ್ಲಿ ಹುಗಿದರು. ಬಸುರಿ ಭೂಮಿ ತಾಯಿ, ಉಂಡು ತಣ್ಣಗಿರು ಎಂದು ಪ್ರತಿವರ್ಷ ಗಟ್ಟಿಯಾಗಿ ಹೇಳುತ್ತಿದ್ದ ಹೂವಮ್ಮ ಈ ಸಲ ಬುಟ್ಟಿಯ ಚುಕ್ಕಿಗಳನ್ನೇ ನೋಡುತ್ತ ನಿಂತಳು. ಬಸುರಿಗೆ ಊಟ ಇಕ್ಕಲು ಬಂದವಳ ಮನೆಯಲ್ಲಿ, ಡಬ್ಬಿಯ ಕತ್ತಲಲ್ಲಿ, ಹುಟ್ಟಬೇಕಾದ ಜೀವವೊಂದು ಕೂತಿತ್ತು. ಎಂತ ಅಜ್ಜಿ, ಹೇಳು, ಎಂದು ಯಶು ಕೈ ಜಗ್ಗಿದಳು. ಹೂವಮ್ಮ ಹೇಳಿದಳು, ಆದರೆ ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

ಹಬ್ಬದ ಮಧ್ಯಾಹ್ನವೇ ಗೂಡನ್ನು ವಾಪಸು ಕಟ್ಟಬೇಕೆಂದಿದ್ದಳು. ಮಧ್ಯಾಹ್ನ ಯಶು ಅವಳ ತೊಡೆಯ ಮೇಲೆ ನಿದ್ದೆ ಹೋದಳು. ಸಂಜೆ ಕಟ್ಟೋಣವೆಂದರೆ ಸಂಜೆ ಯಶು ತಾನಾಗಿಯೇ ಬಂದು ಜಡೆ ಹಾಕು ಅಂದಳು. ಮಾರನೆಯ ದಿನವೂ ಹಾಗೆಯೇ ಆಯಿತು. ಸುಖ ಬಂದು ಬಂದು ಮಡಿಲಲ್ಲಿ ಕೂರುವಾಗ ಎದ್ದು ಹೋಗಿ ಡಬ್ಬಿ ತೆಗೆಯುವವರು ಯಾರು? ತೊಂದರೆಯಾದದ್ದು ಒಂದೇ, ಎಲೆಅಡಿಕೆ ಇಡಲು ಡಬ್ಬಿ ಇಲ್ಲದೆ ಹೂವಮ್ಮ ಬಾಯಿ ಖಾಲಿ ಬಿಟ್ಟುಕೊಂಡು ಓಡಾಡಿದಳು. "ಎಲೆ ಹಾಕೋದು ಬಿಟ್ಯೇನೇ?" ಎಂದು ಭೂತಪ್ಪ ಕೇಳಿದ. ವರ್ಷಕ್ಕೆ ಹತ್ತು ಮಾತಾಡುವವನು ಅದರಲ್ಲಿ ಒಂದನ್ನು ಇದಕ್ಕೇ ಖರ್ಚು ಮಾಡಬೇಕಿತ್ತೇ ಎಂದು ಅವಳಿಗೆ ರೇಗಿತು.

ಮೂರನೆಯ ದಿನ ಮಧ್ಯಾಹ್ನ ದುಗ್ಗಮ್ಮ ಹೂವಮ್ಮನ ಫೋನಿಗೇ ಕರೆ ಮಾಡಿದಳು. ಹಾಗೆ ಅವಳು ಯಾವತ್ತೂ ಮಾಡಿದವಳಲ್ಲ. ಹಬ್ಬ ಹೇಗಾಯಿತು, ಗದ್ದೆ ಹೇಗಿದೆ ಎಂದು ಸುತ್ತಿ ಬಳಸಿ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದಳು.

"ಹೂವಕ್ಕಾ, ತಪ್ಪು ನಂದೇ. ಗಿಡದಲ್ಲೇ ಇರ್ಲಿ ಅಂತ ನಾನೇ ಹೇಳಿದ್ದು. ಮಗು ಮೂರ್ ದಿನದಿಂದ ಫೋನ್ ಮುಟ್ತಾ ಇಲ್ಲ. ರಾತ್ರಿ ನಿದ್ದೆ ಹತ್ತಲ್ಲ ನಂಗೆ. ನಿಮ್ ಮಾತಂದ್ರೆ ಕೇಳ್ತಾಳೆ. ದುಗ್ಗಜ್ಜಿ ಹತ್ರ ಮಾತಾಡು ಅಂತ ನೀವ್ ಒಂದ್ ಸಲ ಹೇಳ್ರಿ."

ನಿಮ್ಮ ಮಾತೆಂದರೆ ಕೇಳುತ್ತಾಳೆ. ಹೂವಮ್ಮ ಒಂದು ತಿಂಗಳಿಂದ ಕಾದಿದ್ದು ಇದೇ ಮಾತಿಗೆ, ಅದೂ ಇದೇ ಬಾಯಿಂದ. ಈಗ ಅದು ಬಂದಿತ್ತು, ಬೇಡಿಕೊಳ್ಳುತ್ತ ಬಂದಿತ್ತು. ಆದರೆ ಅವಳಿಗೆ ಸಪ್ಪೆ ಗಂಜಿ ಕುಡಿದ ಹಾಗಾಯಿತು. ಹೂವಮ್ಮ ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ಫೋನು ಇಟ್ಟವಳೇ ಅಡುಗೆಮನೆಗೆ ಹೋದಳು. ಇವತ್ತೇ ಈಗಲೇ ಗಿಡಕ್ಕೆ ಕಟ್ಟಬೇಕು. ಇಲ್ಲೇ ಎಲೆಯ ಹಿಂದೆ ಇತ್ತು ನೋಡು, ನಾವೇ ಸರಿಯಾಗಿ ಹುಡುಕಲಿಲ್ಲ ಎಂದು ಮಗುವನ್ನು ಕರೆದು ತೋರಿಸಬೇಕು. ದಾರದುಂಡೆಯಿಂದ ಒಂದು ಎಳೆ ಹರಿದು ಹಲ್ಲಿನಲ್ಲಿ ಕಚ್ಚಿಕೊಂಡು, ಭರಣಿಯ ಹಿಂದಿನಿಂದ ಡಬ್ಬಿ ತೆಗೆದಳು.

ಮುಚ್ಚಳ ತೆಗೆದಾಗ ಮೊದಲು ಕಂಡದ್ದು ಚಿಂದಿಯ ಮೇಲಿನ ಕೆಂಪು ಕಲೆ. ಹಳೇ ಎಲೆಅಡಿಕೆಯ ರಸ ಎಂದುಕೊಂಡಳು. ಆಮೇಲೆ ಕಲೆಯ ಪಕ್ಕದಲ್ಲಿ ಕಪ್ಪು ಕಾಲುಗಳು ಅಲುಗಾಡಿದವು. ಕಲೆ ಅದು ಹುಟ್ಟುವಾಗ ಬಿಟ್ಟದ್ದು; ಒಡೆದ ಗೂಡಿನ ಸಿಪ್ಪೆ ಒಂದು ಕಡೆ ಇತ್ತು. ಚಿಟ್ಟೆ ಡಬ್ಬಿಯ ತಳದಲ್ಲಿ ನಿಂತಿತ್ತು. ಕಪ್ಪು ಮೈ, ರೆಕ್ಕೆಯ ಅಂಚಿಗೆ ಬಿಳಿ ಚುಕ್ಕಿಗಳ ಸಾಲು, ಕೈ ಪಳಗಿದವರು ಅಕ್ಕಿಹಿಟ್ಟಿನಲ್ಲಿ ಇಟ್ಟ ಹಾಗೆ. ಆದರೆ ರೆಕ್ಕೆಗಳು ರೆಕ್ಕೆಗಳಾಗಿರಲಿಲ್ಲ. ಹಿಂಡಿ ಒಣಹಾಕಲು ಮರೆತ ಬಟ್ಟೆಯ ಹಾಗೆ ಮುದುಡಿ, ಮುದುಡಿದಲ್ಲೇ ಗಟ್ಟಿಯಾಗಿದ್ದವು. ಹೂವಮ್ಮ ಬೆರಳ ತುದಿಯಿಂದ ಒಂದನ್ನು ಬಿಡಿಸಲು ನೋಡಿದಳು. ಅದು ಬರಲಿಲ್ಲ.

ಪಾತ್ರೆ ಕುಕ್ಕುತ್ತ ಕೇಳಿಸಿಕೊಂಡ ಮಾತು ಆಗ ಒಂದೊಂದಾಗಿ ನೆನಪಿಗೆ ಬಂತು. ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಹಲ್ಲಿನ ಸಂದಿಯಲ್ಲಿ ದಾರ ಹಾಗೇ ಇತ್ತು. ಇದನ್ನು ಈಗ ಹಿತ್ತಿಲಿಗೆ ಎಸೆದರೆ ಕೋಳಿ ತಿಂದು ಮುಗಿಸುತ್ತದೆ, ಓತಿಕ್ಯಾತದ ಮಾತು ಹಾಗೇ ಉಳಿಯುತ್ತದೆ, ಮಗುವೂ ಉಳಿಯುತ್ತದೆ. ಹಾಗೆಂದು ಯೋಚಿಸಿದ್ದು ನಿಜ; ಹೂವಮ್ಮ ದೇವತೆಯಲ್ಲ. ಎದ್ದು ಹಿಂಬಾಗಿಲವರೆಗೂ ಹೋದಳು. ಡಬ್ಬಿಯಲ್ಲಿದ್ದದ್ದು ಅವಳ ಹೆಬ್ಬೆರಳು ಹಿಡಿದು ಮೇಲಕ್ಕೆ ಹತ್ತಲು ನೋಡುತ್ತಿತ್ತು. ತೂಗಲು ಜಾಗ ಹುಡುಕುತ್ತಿತ್ತು, ಈಗಲೂ.

ಯಶು ಜಗಲಿಯಲ್ಲಿ ಚಿತ್ರ ಬರೆಯುತ್ತ ಕೂತಿದ್ದಳು. ಹೂವಮ್ಮ ಡಬ್ಬಿಯನ್ನು ಅವಳ ಮುಂದಿಟ್ಟಳು.

"ಓತಿಕ್ಯಾತ ಅಲ್ಲ ಪುಟ್ಟಿ. ನಾನು. ಸೊಪ್ಪು ಅಂತ ಮುರಿದ್ಬಿಟ್ಟೆ. ಗೊತ್ತಾದ್ಮೇಲೂ ಕೊಡ್ಲಿಲ್ಲ. ಮುಚ್ಚಿಟ್ಟೆ."

"ಎಂತಕ್ಕೆ?"

"ನೀನು ನನ್ ಹತ್ರ ಬರ್ಲಿ ಅಂತ."

ಮಗು ಡಬ್ಬಿಯೊಳಗೆ ಬಗ್ಗಿ ನೋಡಿತು. ಬೈಯುತ್ತಾಳೆ, ನೆಲಕ್ಕೆ ಬಿದ್ದು ಅಳುತ್ತಾಳೆ ಎಂದು ಹೂವಮ್ಮ ಕಾದಳು. ಯಶು ಅತ್ತದ್ದಿಲ್ಲ. ಡಬ್ಬಿಯ ಒಳಮೈಯನ್ನು ಬೆರಳಿನಿಂದ ಸವರಿ, "ಇದರಲ್ಲಿ ಹಿಡ್ಕೊಳಕ್ಕೆ ಎಂತದೂ ಇಲ್ವಲ್ಲ ಅಜ್ಜಿ," ಎಂದಷ್ಟೇ ಅಂದಳು. ಆಮೇಲೆ ಒಳಗೆ ಹೋಗಿ, ಮೂರು ದಿನದಿಂದ ಮುಟ್ಟದ ಫೋನನ್ನು ತಂದು ದುಗ್ಗಜ್ಜಿಗೆ ಹಚ್ಚಿದಳು.

ದುಗ್ಗಮ್ಮನಿಗೆ ಎಲ್ಲ ಗೊತ್ತಾಯಿತು, ಮಗು ಏನನ್ನೂ ಬಿಡದೆ ಹೇಳಿತು. ಹೂವಮ್ಮ ಕಂಬಕ್ಕೆ ಒರಗಿ ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ದುಗ್ಗಮ್ಮ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು ಎಂದು ಹೂವಮ್ಮನಿಗೆ ಅನ್ನಿಸಿತು. ಆ ರೆಕ್ಕೆ ಇನ್ನು ಸರಿಯಾಗುವುದಿಲ್ಲ, ಹಾರಲಾರದು, ಆದರೂ ಹಸಿವೆ ಇರುತ್ತದೆ, ಹತ್ತಿಯಲ್ಲಿ ಸಕ್ಕರೆ ನೀರು ಅದ್ದಿ ಕೊಡಿ, ಹೂವಿನ ಮೇಲೆ ಕೂರಿಸಿ, ಕೆಲವು ದಿನ ಬದುಕಬಹುದು ಎಂದಳು. ಸಂಜೆ ಉಮೇಶನಿಗೂ ತನುಜಾಳಿಗೂ ವಿಷಯ ತಿಳಿಯಿತು. ಇಬ್ಬರೂ ಅವತ್ತು ಚಾ ಕುಡಿದ ಲೋಟಗಳನ್ನು ತಾವೇ ತೊಳೆದಿಟ್ಟರು.

ಮುಂದಿನ ದಿನಗಳಲ್ಲಿ ಚಿಟ್ಟೆಯ ಸೇವೆ ಹೂವಮ್ಮನ ಪಾಲಿಗೆ ಬಂತು. ಯಾರೂ ಒಪ್ಪಿಸಲಿಲ್ಲ, ಅವಳೇ ತೆಗೆದುಕೊಂಡಳು. ಬೆಳಿಗ್ಗೆ ಬಿಸಿಲು ಬಂದ ಮೇಲೆ ಬೆರಳ ಮೇಲೆ ಕೂರಿಸಿಕೊಂಡು ಕೇಪಳದ ಗಿಡಕ್ಕೆ ಒಯ್ಯುತ್ತಿದ್ದಳು. ಅದು ಸುರುಳಿ ನಾಲಗೆ ಬಿಚ್ಚಿ ಒಂದು ಹೂವು ಮುಗಿಸಿದರೆ, ಇನ್ನೊಂದಕ್ಕೆ ಅವಳೇ ಎತ್ತಿ ಇಡಬೇಕು. ಕೋಳಿಗಳನ್ನು ಬೆತ್ತ ಹಿಡಿದು ಅಟ್ಟುತ್ತಿದ್ದಳು. ಯಶು ಮಾತು ಬಿಟ್ಟಿರಲಿಲ್ಲ. ಊಟ ಬಡಿಸು ಅನ್ನುತ್ತಿದ್ದಳು, ಹೋಗಿ ಬರ್ತೀನಿ ಅನ್ನುತ್ತಿದ್ದಳು. ಮಲಗಲು ಮಾತ್ರ ಅಪ್ಪ ಅಮ್ಮನ ಕೋಣೆಗೆ ಹೋಗುತ್ತಿದ್ದಳು.

ರಜೆ ಮುಗಿಯುವ ಮೊದಲು ನಾಲ್ಕು ದಿನ ದುಗ್ಗಜ್ಜಿಯ ಮನೆಗೆ ಹೋಗಿಬರುವುದು ಎಂದಾಯಿತು. ಉಮೇಶ ಬೈಕು ತೆಗೆದ. ಯಶು ಬ್ಯಾಗು ಬೆನ್ನಿಗೆ ಹಾಕಿಕೊಂಡು ಅಂಗಳಕ್ಕೆ ಬಂದಳು. ಹೂವಮ್ಮ ಕೇಪಳದ ಗಿಡದ ಹತ್ತಿರ ನಿಂತಿದ್ದಳು. ಒಂದು ಖಾಲಿ ಬೂಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ಅಡ್ಡಕ್ಕೊಂದು ಕಡ್ಡಿ ಕಟ್ಟಿ, ಬೆಳಿಗ್ಗೆಯೇ ತಯಾರು ಮಾಡಿಟ್ಟಿದ್ದಳು. ಅದನ್ನು ಮುಂದೆ ಹಿಡಿದಳು.

"ಇದನ್ನೂ ತಗೊಂಡ್ ಹೋಗು ಪುಟ್ಟಿ. ದುಗ್ಗಜ್ಜಿ ಚೆನ್ನಾಗಿ ನೋಡ್ಕಳ್ತಾಳೆ. ನಂಗೆ ಗೊತ್ತಾಗಲ್ಲ."

ಬೀಗಿತ್ತಿಯ ವಿಷಯದಲ್ಲಿ ಹೂವಮ್ಮ ಬಾಯಿಬಿಟ್ಟು ಹೇಳಿದ ಮೊದಲ ಒಳ್ಳೆಯ ಮಾತು ಅದು. ಯಶು ಡಬ್ಬ ತೆಗೆದುಕೊಳ್ಳಲಿಲ್ಲ. ಹತ್ತಿರ ಬಂದು, ಹೂವಿನ ಮೇಲಿದ್ದ ಚಿಟ್ಟೆಯನ್ನು ಎರಡು ಬೆರಳಲ್ಲಿ ಜೋಪಾನವಾಗಿ ಎತ್ತಿ, ಅಜ್ಜಿಯ ಕೈ ಬಿಡಿಸಿ ಅಂಗೈ ಮೇಲೆ ಇಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಜ್ಜಿಗೆ ಒಂದು ಸಮಾಧಾನ ಹೇಳುತ್ತಿದ್ದೇನೆಂದೇ ಅವಳು ತಿಳಿದಿದ್ದಳು.

"ಬ್ಯಾಡ ಅಜ್ಜಿ. ಇದು ನಿನ್ ಹತ್ರನೇ ಇರ್ಲಿ. ಇದು ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ."

ಬೈಕು ಗೇಟು ದಾಟಿತು. ತಿರುವಿನಲ್ಲಿ ಯಶು ಒಮ್ಮೆ ಕೈ ಬೀಸಿದಳು. ಹೂವಮ್ಮನ ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಚಿಟ್ಟೆ. ತಿರುಗಿ ಬೀಸಲು ಕೈ ಇರಲಿಲ್ಲ. ಚಿಟ್ಟೆ ಅವಳ ಅಂಗೈಯಿಂದ ಮಣಿಕಟ್ಟಿಗೆ ಹತ್ತಿ, ತೋಳಿನ ಮೇಲೆ ನಿಂತು, ಇದ್ದಷ್ಟು ರೆಕ್ಕೆಯನ್ನು ಬಿಸಿಲಿಗೆ ಬಡಿಯಿತು. ಕೋಳಿಗಳು ಹತ್ತಿರ ಬಂದವು. ಹೂವಮ್ಮ ಅವನ್ನು ಕಾಲಿನಿಂದಲೇ ಅಟ್ಟಿ, ಸಕ್ಕರೆ ನೀರು ಮಾಡಲು ಒಳಗೆ ಹೋದಳು.